ಎತ್ತಿನ ಪಲ್ಟನ್ನಿನ ಹುತಾತ್ಮ

ಅಜ್ಜಂಪುರ ತಾಲ್ಲೂಕಾದ ಮೇಲೆ ನಮ್ಮೂರಿನವರಿಗೆ ಕಡೂರಿಗೆ ಹೋದಾಗಲೆಲ್ಲ ಒಂದು ಸಂಕಟ ಶುರುವಾಯಿತು. ಅಲ್ಲಿ ಏನು ಕಂಡರೂ ‘ಇದು ನಮಗ್ಯಾಕಿಲ್ಲ’ ಅನ್ನಿಸುವುದು. ತಾಲ್ಲೂಕು ಕಚೇರಿ ಬಂತು, ತಹಸೀಲ್ದಾರರು ಬಂದರು, ಅವರ ಜೀಪೂ ಬಂತು. ಅಷ್ಟರಲ್ಲಿ ಕಡೂರಿನವರು ಎಲ್ಲಿಂದಲೋ ಒಂದು ಹಳೆಯ ಯುದ್ಧ ಟ್ಯಾಂಕ್ ತಂದು ಸರ್ಕಲ್ಲಿನಲ್ಲಿ ನಿಲ್ಲಿಸುತ್ತಾರಂತೆ ಎಂದು ಸುದ್ದಿ ಹಬ್ಬಿತು. ಆ ಟ್ಯಾಂಕ್ ಇವತ್ತಿನವರೆಗೂ ಬಂದಿಲ್ಲ. ಆದರೆ ಸುದ್ದಿ ಬಂದ ವಾರದಲ್ಲೇ ನಮ್ಮೂರಿನಲ್ಲಿ ಯುದ್ಧ ಸ್ಮಾರಕ ಸಮಿತಿ ಹುಟ್ಟಿಕೊಂಡಿತು.

ಅಧ್ಯಕ್ಷರು ಕೊಬ್ಬರಿ ಮಂಡಿಯ ಯಜಮಾನರು. ಮಠದ ಕೆಲಸಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಎರಡು ಮನೆಗಳ ನಡುವಿನ ಬೇಲಿ ಜಗಳಕ್ಕೆ ಊರು ಅವರನ್ನೇ ಮುಂದೆ ಕೂರಿಸುತ್ತಿತ್ತು. ಹಾಗಾಗಿ ಯುದ್ಧಕ್ಕೂ ಅವರೇ ಆದರು. ಕಾರ್ಯದರ್ಶಿ ನಾನು, ಯಾಕೆಂದರೆ ನಾನು ಸೇನೆಯಿಂದ ನಿವೃತ್ತನಾಗಿ ಬಂದವನು. ಊರಿನಲ್ಲಿ ನನ್ನನ್ನು ‘ಮಿಲ್ಟ್ರಿಯೋರು’ ಅನ್ನುತ್ತಾರೆ. ಆಗಸ್ಟ್ ಹದಿನೈದಕ್ಕೆ ಶಾಲೆಗೆ ಕರೆದು ಶಾಲು ಹೊದಿಸುತ್ತಾರೆ. ಸೇನೆಯಲ್ಲಿದ್ದಷ್ಟು ಕಾಲವೂ ನಾನು ರೇಷನ್ ಡಿಪೋದಲ್ಲಿ ಗುಮಾಸ್ತನಾಗಿದ್ದೆ. ಗಡಿಯಲ್ಲಿ ಗುಂಡು ಹಾರುತ್ತಿದ್ದ ದಿನಗಳಲ್ಲಿ ನಾನು ಅಲ್ಲಿಂದ ಬಹಳ ದೂರದ ಒಂದು ತಗಡಿನ ಶೆಡ್ಡಿನಲ್ಲಿ ಕೂತು ಹಾಲಿನ ಪುಡಿಯ ಡಬ್ಬಗಳಿಗೆ ತೇವ ತಗಲದ ಹಾಗೆ ನೋಡಿಕೊಳ್ಳುತ್ತಿದ್ದೆ. ಇದನ್ನು ಊರಿನಲ್ಲಿ ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಶಾಲೆಯ ಮಕ್ಕಳ ಎದುರೇ ಹೇಳಿದ್ದೇನೆ. ಹೇಳಿದಾಗಲೆಲ್ಲ ಹೆಡ್ ಮೇಷ್ಟ್ರು ಮೈಕ್ ತೆಗೆದುಕೊಂಡು, “ನೋಡಿ ಮಕ್ಕಳೇ, ಇದು ನಿಜವಾದ ಯೋಧರ ವಿನಯ” ಅನ್ನುತ್ತಿದ್ದರು.

ಯಾವ ತುಕಡಿಗೆ ಸ್ಮಾರಕ ಕಟ್ಟಬೇಕು ಎನ್ನುವುದರಲ್ಲಿ ಗೊಂದಲವಿರಲಿಲ್ಲ. ನಮ್ಮ ಸೀಮೆಯಲ್ಲಿ ಅಮೃತಮಹಲ್ ದನಗಳ ಕಾವಲುಗಳಿವೆ. ಸಂಸ್ಥಾನದ ಕಾಲದಿಂದ ಆ ದನಗಳಿಗೆಂದೇ ಬಿಟ್ಟ ಹುಲ್ಲಿನ ಬಯಲುಗಳು ಅವು. ಉದ್ದ ಕೊಂಬಿನ, ಮೂಗಿನ ತುದಿಯಲ್ಲೇ ಸಿಟ್ಟಿರುವ ಆ ಎತ್ತುಗಳನ್ನು ಆಗ ಸಾಕುತ್ತಿದ್ದದ್ದೇ ಸೈನ್ಯದ ಸಾಮಾನು ಎಳೆಯಲಿಕ್ಕೆ. ಮೊದಲ ಮಹಾಯುದ್ಧ ಬಂದಾಗ ಕಾವಲಿನ ಎತ್ತುಗಳು, ರೈತರ ಮನೆಯ ಒಳ್ಳೆಯ ಜೋಡಿಗಳು, ಅವನ್ನು ಹೊಡೆಯಲು ಅಜ್ಜಂಪುರ, ಯಗಟಿ, ದೇವನೂರು ಕಡೆಯ ಗಂಡಸರು, ಇಷ್ಟನ್ನೂ ಸೇರಿಸಿ ಒಂದು ತುಕಡಿ ಮಾಡಿ ಹಡಗು ಹತ್ತಿಸಿ ಬಸ್ರಾ ಕಡೆಗೆ ಕಳಿಸಿದರು. ಕಾಗದದ ಮೇಲೆ ಅದಕ್ಕೆ ಏನು ಹೆಸರಿತ್ತೋ, ಇಲ್ಲಿಯವರ ಬಾಯಲ್ಲಿ ಅದು ಎತ್ತಿನ ಪಲ್ಟನ್. ಗಾಡಿಗೆ ಮೂಟೆ ಹೇರುವುದು, ಮರಳಿನಲ್ಲಿ ಹೊಡೆದುಕೊಂಡು ಹೋಗುವುದು, ಇಳಿಸುವುದು, ಮತ್ತೆ ಹೇರುವುದು ಅವರ ಕೆಲಸ. ಅವರ ಕೈಯಲ್ಲಿ ಇದ್ದದ್ದು ಬಾರುಕೋಲು. ಇದನ್ನೆಲ್ಲ ಕೇಳಿದ ದಿನದಿಂದ ನನಗೆ ಆ ಜನರ ಮೇಲೆ ಒಂದು ಬಗೆಯ ಒಲವು. ಹಾಲಿನ ಪುಡಿಯವನಿಗೆ ಮೂಟೆ ಹೊತ್ತವರು ನೆಂಟರಾಗಬೇಕಲ್ಲ.

ಮೊದಲ ಸಭೆ ಮಂಡಿಯಲ್ಲೇ, ಕೊಬ್ಬರಿ ಚೀಲಗಳ ನಡುವೆ ನಡೆಯಿತು. ನಾನು ಹಳ್ಳಿಹಳ್ಳಿ ತಿರುಗಿ ಹಳಬರಿಂದ ಕೇಳಿಕೊಂಡು ಬಂದದ್ದನ್ನು ಒಪ್ಪಿಸಿದೆ. ಯಜಮಾನರು ಕಣ್ಣು ಮುಚ್ಚಿ ಕೇಳಿದರು.

“ಎಲ್ಲಾ ಸರಿ. ಸತ್ತೋರು ಯಾರ್ಯಾರು?”

“ಯಾರೂ ಇಲ್ಲ,” ಅಂದೆ. “ಹೋದೋರೆಲ್ಲ ವಾಪಸ್ ಬಂದ್ರು ಅಂತಾನೇ ಎಲ್ಲ ಕಡೆ ಹೇಳೋದು. ಎತ್ತುಗಳು ಮಾತ್ರ ಒಂದೂ ಬರ್ಲಿಲ್ವಂತೆ.”

ಯಜಮಾನರು ಕಣ್ಣು ಬಿಟ್ಟರು. “ಅಲ್ರೀ, ಒಬ್ರೂ ಸಾಯ್ದೆ ಸ್ಮಾರಕ ಹೆಂಗೆ ಮಾಡೋದು? ಮಂತ್ರಿಗಳಿಗೆ ಏನಂತ ಹೇಳ್ಲಿ? ಹೋಗಿದ್ರು, ಬಂದ್ರು ಅಂತಾನಾ?”

“ಅದು ಸಂತೋಷದ ವಿಷಯ ಅಲ್ವಾ?”

“ಸಂತೋಷಕ್ಕೆ ಕಲ್ಯಾಣ ಮಂಟಪ ಐತೆ ಕಣ್ರೀ,” ಅಂದರು ಯಜಮಾನರು.

ಹಾಗೆ ನಾವು ಒಬ್ಬ ಸತ್ತವನನ್ನು ಹುಡುಕಿಕೊಂಡು ಹೊರಟೆವು. ಯಜಮಾನರು ಬೇಡ ಅಂದ ಊರಿಲ್ಲ. ದೇವನೂರಿನ ಕಡೆ ಒಬ್ಬರು ತಮ್ಮ ಮುತ್ತಜ್ಜ ಯುದ್ಧದಿಂದ ವಾಪಸ್ ಬಂದ ವರ್ಷವೇ ಹಾವು ಕಚ್ಚಿ ಸತ್ತರು ಅಂದಾಗ ಯಜಮಾನರ ಮುಖ ಅರಳಿತು. ಹಾವು ಸಾಮಾನಿನ ಜೊತೆ ಬಸ್ರಾದಿಂದ ಬಂದಿರಬಹುದೇ ಎಂದು ಕೇಳಿದರು. ಆ ಮನೆಯವರು ಸಂಕೋಚದಿಂದ, ಇಲ್ಲ, ಹಿತ್ತಲಿನ ಹುತ್ತದ್ದೇ ಅಂದರು. ಮತ್ತೊಂದು ಹಳ್ಳಿಯಲ್ಲಿ ಕಾಲು ಕಳೆದುಕೊಂಡು ಬಂದವರೊಬ್ಬರ ವಿಷಯ ತಿಳಿಯಿತು. ಕಾಲು ಸಾಲದು ಎಂದು ಸಮಿತಿ ಅಭಿಪ್ರಾಯಪಟ್ಟಿತು.

ಇನ್ನು ಈ ಸ್ಮಾರಕ ಕೈಬಿಟ್ಟು ಒಂದು ಗಡಿಯಾರದ ಕಂಬವನ್ನಾದರೂ ಕಟ್ಟಿಸೋಣ ಎನ್ನುವಷ್ಟರಲ್ಲಿ, ನಾವಿನ್ನೂ ಹೋಗದಿದ್ದ ಯಗಟಿಯಿಂದ ಒಬ್ಬರು ಮಂಡಿಗೆ ಬಂದರು. ಐವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಗ್ರಾಮ ಪಂಚಾಯಿತಿ ಮೆಂಬರು.

“ನಮ್ಮವ್ವನ ತಾತ ಎತ್ತಿನ ಪಲ್ಟನ್ಗೆ ಹೋದೋರು ವಾಪಸ್ ಬರ್ಲೇ ಇಲ್ಲ ಕಣ್ರೀ,” ಅಂದರು. “ಅಲ್ಲೇ ಆಗೋದ್ರು.”

ಯಜಮಾನರು ಗದ್ದುಗೆಯಿಂದ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. “ಬಹಳ ಸಂತೋಷ,” ಅಂದವರು, ನನ್ನ ಮುಖ ನೋಡಿ, “ಅಂದ್ರೆ, ಬಹಳ ದುಃಖದ ವಿಷಯ,” ಎಂದು ತಿದ್ದಿಕೊಂಡರು. ಎಲ್ಲರಿಗೂ ಕಾಫಿ, ಖಾರಾಬೂಂದಿ ಬಂತು. ನನ್ನ ಬದುಕಿನಲ್ಲಿ ಒಂದು ಸಾವಿಗೆ ಅಷ್ಟು ಜನ ಒಟ್ಟಿಗೆ ನಿಟ್ಟುಸಿರು ಬಿಟ್ಟು ಹಗುರಾದದ್ದನ್ನು ಬೇರೆಲ್ಲೂ ನೋಡಿಲ್ಲ.

ಮಾಹಿತಿ ತರಲು ನಾನು ಯಗಟಿಗೆ ಹೋದೆ. ಮೆಂಬರರ ತಾಯಿ ಜಗುಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ತೊಂಬತ್ತರ ಹತ್ತಿರದ ವಯಸ್ಸು. ಕಿವಿ ಚುರುಕು, ಕಣ್ಣು ಅದಕ್ಕಿಂತ ಚುರುಕು. ಪಲ್ಟನ್ನಿಗೆ ಹೋದವರು ಈ ಅಜ್ಜಿಯ ತಾಯಿಯ ತಂದೆ. ಗೋಡೆಯ ಮೇಲೆ ಅವರ ಹೆಂಡತಿಯ, ಅಂದರೆ ಅಜ್ಜಿಯ ಅಜ್ಜಿಯ, ಮಾಸಿದ ಫೋಟೋ ಇತ್ತು. ಹಣೆಯ ತುಂಬ ಕುಂಕುಮ, ಕೊರಳಲ್ಲಿ ತಾಳಿ.

“ತಾತನ ವಿಷಯ ಏನಾದ್ರೂ ಕೇಳಿದ್ದೀರಾ ಅಜ್ಜಿ?”

“ನಮ್ಮಜ್ಜಿ ಹೇಳ್ತಿತ್ತು,” ಅಂದರು, ಮೊರದಿಂದ ತಲೆ ಎತ್ತದೆ. “ನಮ್ಮಜ್ಜಿಯ ಅಪ್ಪನ ಮನೇಲಿ ಒಂದ್ ಜೊತೆ ಎತ್ತಿದ್ವು. ಊರಿಗೇ ದೊಡ್ಡವು. ಪಲ್ಟನ್ನೋರು ಬಂದು ಕೇಳಿದ್ರು. ಮಾವ ಕೊಡಲ್ಲ ಅಂತ ಕುಂತ. ನಮ್ ತಾತ, ನಾನೇ ಜೊತೇಲಿ ಹೋಯ್ತೀನಿ, ಅವನ್ನ ಹೊಡ್ಕೊಂಡು ವಾಪಸ್ ಬತ್ತೀನಿ ಅಂತ ಮಾತು ಕೊಟ್ಟು ಹೊಂಟೋಯ್ತು. ನಮ್ಮವ್ವ ಆಗ ಕೈಕೂಸು.”

“ಆಮೇಲೆ ಬರ್ಲಿಲ್ಲ.”

“ಊರಿಗೆ ಬರ್ಲಿಲ್ಲ,” ಅಂದರು ಅಜ್ಜಿ.

ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. ಆಮೇಲೆ ಅವರೇ ಕೇಳಿದರು. “ಇದ್ನೆಲ್ಲ ಪೇಪರ್ನಾಗೆ ಹಾಕ್ತೀರಾ?”

“ಹಾಕ್ತೀವಿ ಅಜ್ಜಿ.”

“ಆ ಪೇಪರು ಎಲ್ಲೆಲ್ಲಿಗೆ ಹೋಯ್ತದೆ?”

“ಜಿಲ್ಲೆಗೆಲ್ಲ.”

“ತರೀಕೆರೆಗೂವೆ?”

“ತರೀಕೆರೆಗೂ ಹೋಗುತ್ತೆ.”

ಅವರ ಕೈ ನಿಂತಿತು. ಏನೋ ಯೋಚಿಸಿದರು. “ಹಾಕ್ಬಿಡಿ ಅಂಗಾರೆ,” ಅಂದು ನಕ್ಕರು. ವಯಸ್ಸಾದವರಿಗೂ ಹೆಸರಿನ ಆಸೆ ಬಿಡುವುದಿಲ್ಲ ಎಂದುಕೊಂಡೆ. ಫೋಟೋದ ಕುಂಕುಮದ ವಿಷಯ ಮೆಂಬರರನ್ನು ಕೇಳಿದೆ. ಹೆಣ ಕಾಣದೆ ಹೆಂಗೆ ಅಳಿಸೋದು ಅಂತ ಮುತ್ತಜ್ಜಿ ಸಾಯೋವರೆಗೂ ಇಟ್ಕೊಂಡಿದ್ರಂತೆ ಅಂದರು. ಅದನ್ನು ಕೇಳಿ ಯಜಮಾನರು ಕಣ್ಣೊರೆಸಿಕೊಂಡು, ಸ್ಮರಣ ಸಂಚಿಕೆಯಲ್ಲಿ ಆ ತಾಯಿಗೇ ಒಂದು ಪುಟ ಇರಲಿ ಅಂದರು.

ಪ್ರತಿಮೆ ಮಾಡುವವರು ಶಿವಮೊಗ್ಗದ ಕಡೆಯವರು. ನಾನು ಎರಡು ಎತ್ತು, ಒಂದು ಗಾಡಿ, ಪಕ್ಕದಲ್ಲಿ ಬಾರುಕೋಲು ಹಿಡಿದ ಮನುಷ್ಯ ಎಂದು ಹೇಳಿ ಬಂದಿದ್ದೆ. ನೋಡಲು ಹೋದಾಗ ಅವರ ಅಂಗಳದಲ್ಲಿ ಹೆಲ್ಮೆಟ್ ಹಾಕಿದ, ಕೈಯಲ್ಲಿ ಬಂದೂಕಿದ್ದ ಸೈನಿಕ ನಿಂತಿದ್ದ. ಬಂದೂಕು ನಮ್ಮ ಕಾಲದ್ದು. ನಮ್ಮ ಡಿಪೋದ ಕಾವಲಿನವರ ಹತ್ತಿರ ಅಂಥದೇ ಇರುತ್ತಿತ್ತು.

“ಇವರ ಹತ್ರ ಗನ್ ಇರ್ಲಿಲ್ಲ,” ಅಂದೆ.

“ಗನ್ ಇಲ್ದೆ ಹೋದ್ರೆ ಜನ ಮಿಲ್ಟ್ರಿ ಅಂತ ಒಪ್ಪಲ್ಲ ಸಾರ್,” ಅಂದರು ಶಿಲ್ಪಿ. “ಮತ್ತೆ ಅಚ್ಚು ಇರೋದು ಇದೊಂದೇ. ಮೀಸೆ ಬೇಕಾದ್ರೆ ಬದಲಾಯಿಸ್ಬೋದು.”

ಎತ್ತಿನ ವಿಷಯಕ್ಕೆ ಯಜಮಾನರೂ ಒಪ್ಪಲಿಲ್ಲ. “ಎತ್ತು ಇಟ್ರೆ ನಾಳೆಯಿಂದ್ಲೇ ಹೂವು, ಎಣ್ಣೆ, ಹಣ್ಣುಕಾಯಿ ಶುರುವಾಗ್ತದೆ. ಸ್ಮಾರಕ ಹೋಗಿ ಬಸವಣ್ಣನ ಗುಡಿ ಆಯ್ತದೆ. ಹುತಾತ್ಮನ್ನ ಯಾರ್ ನೋಡ್ತಾರೆ?” ಕೊನೆಗೆ ಮೀಸೆಯನ್ನು ಮಾತ್ರ ದಪ್ಪ ಮಾಡಿಸಿದೆವು. ಪೀಠದ ಕಲ್ಲಿನ ಮೇಲೆ ‘ಬಸ್ರಾದಲ್ಲಿ ವೀರಮರಣವನ್ನಪ್ಪಿದ’ ಎಂದು ಶುರುವಾಗುವ ಸಾಲನ್ನು ಕೆತ್ತಿಸಿದೆವು. ಪೇಪರಿನಲ್ಲೂ ಬಂತು.

ಪೇಪರು ತರೀಕೆರೆಗೆ ಹೋಯಿತು.

ಒಂದು ಬೆಳಿಗ್ಗೆ ನಮ್ಮ ಮನೆಯ ಮುಂದೆ ಒಬ್ಬರು ಕಾರಿನಿಂದ ಇಳಿದರು. ಅರವತ್ತು ದಾಟಿದ ವಯಸ್ಸು, ನಯವಾದ ಮಾತು. ತರೀಕೆರೆ ಬಸ್ ಸ್ಟಾಂಡಿನ ಹತ್ತಿರ ಅವರದೊಂದು ಹೋಟೆಲು, ತಾತನ ಕಾಲದಿಂದ ಇರುವುದಂತೆ. ನೀರು ಕುಡಿದು, ಲೋಟ ಕೆಳಗಿಟ್ಟು, ಕೆಮ್ಮಿದರು.

“ತಪ್ಪು ತಿಳೀಬೇಡಿ ಸಾರ್. ನೀವು ಪೇಪರ್ನಲ್ಲಿ ಬರೆದಿದ್ರಲ್ಲ, ಯಗಟಿಯ ಹುತಾತ್ಮರು. ಅವರು ನಮ್ಮ ತಾತ.”

“ಹಾಗಾದ್ರೆ ನೀವು ಆ ಮನೆಯೋರೇ?” ಅಂದೆ.

“ಆ ಮನೆ ಅಲ್ಲ ಸಾರ್, ಇನ್ನೊಂದು ಮನೆ.” ಅವರು ಮತ್ತೆ ಕೆಮ್ಮಿದರು. “ತಾತ ತರೀಕೆರೆಯಲ್ಲಿ, ನಮ್ಮನೆ ನಡುಮನೇಲಿ, ಮಂಚದ ಮೇಲೆ ತೀರ್ಕೊಂಡ್ರು. ನಾನು ಹುಟ್ಟೋಕೆ ಮುಂಚೆ. ಅವರಿಗೆ ಗಂಡುಮಕ್ಕಳಿರ್ಲಿಲ್ಲ, ನಮ್ಮಮ್ಮ ಮಗಳು. ಮನೆ ಅಳಿಯನಾಗಿದ್ದ ನಮ್ಮಪ್ಪನೇ ಬೆಂಕಿ ಇಟ್ಟಿದ್ದು.”

ಒಳಗಿಂದ ನನ್ನ ಹೆಂಡತಿ ಬಾಗಿಲಿಗೆ ಬಂದು ನಿಂತಳು.

ಅವರು ತಾಯಿಯಿಂದ ಕೇಳಿದ್ದನ್ನು ಹೇಳಿದರು. ಯುದ್ಧ ಮುಗಿಯಿತು. ಎತ್ತುಗಳು ಬಿಸಿಲಿಗೆ, ರೋಗಕ್ಕೆ ಅಲ್ಲೇ ಸತ್ತಿದ್ದವು. ಮಾವನ ಜೋಡಿಯಲ್ಲಿ ಒಂದು ಬಹಳ ದಿನ ಬದುಕಿತ್ತಂತೆ. ಅದೂ ಹೋಯಿತು. ತಾತ ಹಡಗಿನಲ್ಲಿ ಬೊಂಬಾಯಿಗೆ ಬಂದರು, ರೈಲಿನಲ್ಲಿ ಬೀರೂರಿನವರೆಗೂ ಬಂದರು. ಕಡೂರು ಅಲ್ಲಿಂದ ಪಕ್ಕದ ಸ್ಟೇಷನ್ನು. ಕಡೂರಿನಲ್ಲಿ ಇಳಿದರೆ ಯಗಟಿಯ ದಾರಿ. ಜೊತೆಯವರೆಲ್ಲ ಮುಂಚಿನ ಹಡಗಿನಲ್ಲೇ ಬಂದು ಊರು ಸೇರಿದ್ದರು. ಇವರೊಬ್ಬರು ಬೀರೂರಿನಲ್ಲಿ ಇಳಿದು ತರೀಕೆರೆಯ ಗಾಡಿ ಹತ್ತಿದರು.

“ಎತ್ತಿಲ್ದೆ ಯಾವ ಮುಖ ಹೊತ್ಕೊಂಡು ಹೋಗ್ಲಿ ಅಂತಿದ್ರಂತೆ. ನಾಲ್ಕು ದಿನ ಇದ್ದು, ಒಂದು ಜೊತೆ ಎತ್ತು ಸಂಪಾದಿಸ್ಕೊಂಡು ಹೋಗೋಣ ಅಂತ ಅಲ್ಲಿ ಒಬ್ರ ಗಾಡಿ ಹೊಡೆಯೋಕೆ ನಿಂತ್ರು. ಊಟಕ್ಕೆ ಹೋಗ್ತಿದ್ದ ಮನೆ ನಮ್ಮಜ್ಜಿದು. ಅಲ್ಲೇ ಉಳ್ಕೊಂಡ್ಬಿಟ್ರು.”

“ಈಗ ನಾವೇನು ಮಾಡ್ಬೇಕು ಅಂತೀರಿ?” ಎಂದು ಕೇಳಿದೆ. ಸ್ಮಾರಕ ನಿಲ್ಲಿಸಿ ಅನ್ನುತ್ತಾರೆ ಎಂದು ಕಾಯುತ್ತಿದ್ದೆ.

“ಏನಿಲ್ಲ ಸಾರ್,” ಅಂದರು ಅವರು ಸಂಕೋಚದಿಂದ. “ಅವತ್ತು ಹುತಾತ್ಮರ ಕುಟುಂಬದೋರಿಗೆ ಸನ್ಮಾನ ಐತೆ ಅಂತ ಹಾಕಿದ್ರಿ. ನಮಗೂ ಒಂದೆರಡು ಕುರ್ಚಿ ಹಾಕ್ಸಿದ್ರೆ ಚೆನ್ನಾಗಿತ್ತು.”

ನಾನು ಮಂಡಿಗೆ ಓಡಿದೆ. ಯಜಮಾನರು ಎಲ್ಲ ಕೇಳಿ, ಒಂದು ಕೊಬ್ಬರಿ ಬಟ್ಟಲು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಚೀಲಕ್ಕೆ ಎಸೆದರು.

“ಕಲ್ಲು ಕೆತ್ತಿ ಆಗೈತೆ. ಮಂತ್ರಿಗಳ ದಿನ ಗೊತ್ತಾಗೈತೆ. ಈಗ ಬಂದು ಬದುಕಿದ್ರು ಅಂದ್ರೆ?”

“ಬದುಕಿದ್ದು ನಿಜ ಅಲ್ವಾ?”

“ಸತ್ತಿದ್ದೂ ನಿಜ ತಾನೇ? ಈಗಂತೂ ಇಲ್ಲವಲ್ಲ?” ಸ್ವಲ್ಪ ಯೋಚಿಸಿದರು. “ಒಂದು ಕೆಲ್ಸ ಮಾಡ್ರಿ. ‘ಬಸ್ರಾದಲ್ಲಿ’ ಅನ್ನೋದನ್ನ ಉಜ್ಜಿಸಿಬಿಡಿ. ಎಲ್ಲಿ ಅಂತ ಹೇಳೋದೇ ಬೇಡ. ಮಂಚದ ಮೇಲಾದ್ರೂ ವೀರ ವೀರನೇ.”

ಕಲ್ಲುಕುಟಿಗರು ಬಂದು ಆ ಒಂದು ಪದವನ್ನು ಉಜ್ಜಿ ತೆಗೆದರು. ಈಗಲೂ ಹೋಗಿ ನೋಡಿದರೆ ಸಾಲಿನ ಮೊದಲಿಗೆ ಒಂದು ನುಣುಪಾದ ತಗ್ಗು ಕಾಣುತ್ತದೆ. ಸ್ಮಾರಕದ ಕಟ್ಟೆಯ ಮೇಲೆ ಬಸ್ಸಿಗೆ ಕಾಯುವವರು ತಮ್ಮ ನೀರಿನ ಬಾಟಲಿ ಆನಿಸುವುದು ಅಲ್ಲಿಗೇ.

ಆದರೆ ಯಗಟಿಯವರಿಗೆ ಹೇಳಬೇಕಲ್ಲ. ಆ ಕೆಲಸ ಕಾರ್ಯದರ್ಶಿಯದು ಎಂದು ಯಜಮಾನರು ತೀರ್ಮಾನಿಸಿದರು. ಯಗಟಿ ಬಸ್ ಸ್ಟಾಪಿನಲ್ಲಿ ಇಳಿಯುತ್ತಲೇ ದೊಡ್ಡ ಫ್ಲೆಕ್ಸ್ ಕಂಡಿತು. ಮೇಲೆ ಯಾವುದೋ ಸೈನಿಕನ ಚಿತ್ರ, ಅದರ ಕೆಳಗೆ ಅದಕ್ಕಿಂತ ದೊಡ್ಡದಾಗಿ ಕೈ ಮುಗಿದ ಮೆಂಬರರ ಚಿತ್ರ, ‘ಹುತಾತ್ಮರ ಮರಿಮೊಮ್ಮಗ’ ಎಂಬ ಬರಹ. ಪಂಚಾಯಿತಿ ಚುನಾವಣೆ ಹತ್ತಿರವಿತ್ತು.

ಮನೆಯಲ್ಲಿ ತಾಯಿ ಮಗ ಇಬ್ಬರೂ ಇದ್ದರು. ಹೇಗೆ ಶುರು ಮಾಡುವುದೆಂದು ತಿಳಿಯದೆ, “ಅಜ್ಜಿ, ತರೀಕೆರೆಯಿಂದ ಒಬ್ರು ಬಂದಿದ್ರು,” ಅಂದೆ.

“ಬಂದ್ರಾ?” ಅಂದರು ಅಜ್ಜಿ. “ಹೋಟ್ಲೋರು?”

“ಯಾವ ಹೋಟ್ಲೋರು ಅವ್ವಾ?” ಅಂದರು ಮಗ.

“ನಿಮ್ ಮುತ್ತಾತನ ಮನೆಯೋರು ಕಣೋ.”

ಅಜ್ಜಿ ಹೇಳಿದ್ದನ್ನು ನಾನು ಹಾಗೆಯೇ ನೆನಪಿಟ್ಟುಕೊಂಡಿದ್ದೇನೆ. ಯುದ್ಧ ಮುಗಿದು ಎರಡು ಮಳೆಗಾಲ ಆದ ಮೇಲೆ ಒಬ್ಬ ಗಾಡಿಯವನು ಅವರ ಅಜ್ಜಿಗೆ ಸುದ್ದಿ ಮುಟ್ಟಿಸಿದ. ಅವರು ಸಂತೆಯ ನೆಪ ಹೇಳಿ ತರೀಕೆರೆಗೆ ಹೋದರು.

“ಊಟದ ಮನೇಲಿ ಹೋಗಿ ಕುಂತ್ಲಂತೆ. ಎಲೆ ಹಾಕಿದ್ದೂ ಅವ್ನೇ, ಮುದ್ದೆ ಇಕ್ಕಿದ್ದೂ ಅವ್ನೇ. ಇಬ್ರೂ ಮಾತಾಡ್ಲಿಲ್ಲ. ಉಣ್ಣೋದು ಮುಗಿಯೋ ಹೊತ್ಗೆ, ಎತ್ತು ಹೋದ್ವು ಅಂದ್ನಂತೆ. ಹೋದ್ರೆ ಹೋಗ್ಲಿ, ಏಳಿ ಮನೆಗೆ ಅಂತ ಇವ್ಳು ಅಂದ್ಲು. ಅಷ್ಟೊತ್ಗೆ ಒಳಗಿಂದ ಒಂದು ಹೆಂಗಸು ಬಂತು. ಬಸುರಿ. ಇವ್ಳು ಕೈ ತೊಳ್ಕೊಂಡು ಎದ್ದು ಬಂದ್ಬಿಟ್ಲು.”

“ಆಮೇಲೆ?” ಅಂದೆ.

“ಆಮೇಲೇನು, ವರ್ಷಕ್ಕೊಂದು ದಪ ಹೋಗೋಳು. ಉಂಡು ಬರೋಳು. ನನ್ನೂ ಒಂದ್ ಸಲ ಕರ್ಕೊಂಡು ಹೋಗಿದ್ಲು. ಯಾರ ಕೂಸು ಇದು ಅಂತ ತಾತ ಕೇಳ್ತು. ನಿಮ್ ಮಗಳ ಕೂಸು ಅಂದ್ಲು. ನನಗೆ ಒಬ್ಬಟ್ಟು ಇಕ್ಕಿ, ತಲೆ ಮೇಲೆ ಕೈ ಇಟ್ಟು ಒಳಕ್ಕೆ ಹೋಯ್ತು. ತಿರ್ಗಾ ಈಚೆಗೆ ಬರ್ಲಿಲ್ಲ.”

ಮೆಂಬರರ ಮುಖ ಕೆಂಪಾಗಿತ್ತು. “ಅಂಗಾರೆ ಸತ್ತೋದ್ರು ಅಂತ ಊರಿಗೆಲ್ಲ ಯಾಕವ್ವ ಹೇಳಿದ್ರಿ?”

“ನಾವ್ಯಾರೂ ಹೇಳ್ಲಿಲ್ಲ ಕಣೋ. ಊರೇ ಹೇಳ್ತು. ನಮ್ಮಜ್ಜಿ ಅಲ್ಲ ಅನ್ಲಿಲ್ಲ. ಯುದ್ಧದಾಗೆ ಸತ್ತೋನ ಹೆಂಡ್ರು ಅಂದ್ರೆ ದಾರಿ ಬಿಡೋರು. ಬಿಟ್ಟೋದೋನ ಹೆಂಡ್ರು ಅಂದ್ರೆ ನಗೋರು. ಕುಂಕುಮ ಮಾತ್ರ ಅಳಿಸ್ಲಿಲ್ಲ. ಅವ್ನು ಹೋದ ಸುದ್ದಿ ಬಂದ್ಮೇಲೂ ಅಳಿಸ್ಲಿಲ್ಲ. ಈಗ ಅಳಿಸಿದ್ರೆ ಯಾಕೆ ಅಂತ ಕೇಳ್ತಾರೆ ಅಂತ.”

“ನನಗಾದ್ರೂ ಹೇಳ್ಬಾರ್ದಿತ್ತಾ? ಫ್ಲೆಕ್ಸ್ ಹಾಕ್ಸಿಬಿಟ್ಟಿದ್ದೀನಲ್ಲವ್ವಾ.”

“ನೀನು ಕೇಳಿದ್ದು ಯಾವತ್ತಪ್ಪಾ? ಹಾಕ್ಸಿದ್ ಮೇಲೆ ಬಂದು ತೋರ್ಸಿದೆ,” ಅಂದರು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, “ಅವರಿಗೂ ಕುರ್ಚಿ ಹಾಕ್ಸು. ನನ್ ಪಕ್ಕಕ್ಕೇ ಹಾಕ್ಸು,” ಅಂದರು.

ಉದ್ಘಾಟನೆಯ ದಿನ ಮಂತ್ರಿಗಳು ಬರಲಿಲ್ಲ. ಬೇರೆ ಕಡೆ ತುರ್ತು ಕೆಲಸ ಬಂದಿತ್ತು. ಅವರ ಬದಲಿಗೆ ಒಬ್ಬ ಅಧಿಕಾರಿ, ಬಿಸಿಲೇರಿದ ಮೇಲೆ ಬಂದರು. ಶಾಮಿಯಾನದ ಮೊದಲ ಸಾಲಿನಲ್ಲಿ ಯಗಟಿಯವರು ಕೂತಿದ್ದರು. ತರೀಕೆರೆಯ ಹೋಟೆಲಿನವರು ಹೆಂಡತಿ ಮಕ್ಕಳ ಸಮೇತ ಬಂದು, ದೂರದಲ್ಲೇ ಚಪ್ಪಲಿ ಬಿಟ್ಟು, ಅಜ್ಜಿಯ ಕಾಲು ಮುಟ್ಟಿ, “ಅಕ್ಕಾ,” ಅಂದರು. ಅಜ್ಜಿ ಅವರ ಗಲ್ಲ ಹಿಡಿದು ಮುಖವನ್ನು ಆ ಕಡೆಗೂ ಈ ಕಡೆಗೂ ತಿರುಗಿಸಿ ನೋಡಿದರು.

“ಕಿವಿ ಅಂಗೇ ಐತೆ,” ಅಂದರು. “ಕುಂತ್ಕೋ.”

ವೇದಿಕೆಯ ಮೇಲೆ ಭಾಷಣ ಶುರುವಾಯಿತು. ನನ್ನನ್ನೂ ಮೇಲೆ ಕೂರಿಸಿದ್ದರು. ಆದರೆ ಕುರ್ಚಿ ತುದಿಯಲ್ಲಿತ್ತು, ಮೊದಲ ಸಾಲಿನವರ ಮಾತು ನನಗೆ ಕೇಳುತ್ತಿತ್ತು.

“ಗುಂಡಿನ ಮಳೆಯ ನಡುವೆ,” ಅಂದರು ಭಾಷಣಕಾರರು, “ನಮ್ಮ ಮಣ್ಣಿನ ಮಗ ಕೊನೆಯ ಉಸಿರಿರುವವರೆಗೂ ಹೋರಾಡಿದ.”

“ಕೊನೇಲಿ ಏನಾಗಿತ್ತು?” ಅಜ್ಜಿ ಹೋಟೆಲಿನವರನ್ನು ಕೇಳಿದರು.

“ಉಬ್ಬಸ ಅಕ್ಕಾ. ಚಳಿಗಾಲದಲ್ಲಿ ಬಹಳ ಆಗ್ತಿತ್ತಂತೆ.”

“ನೋಡ್ಕೊಂಡ್ರಾ?”

“ನಮ್ಮಜ್ಜಿ ನೋಡ್ಕೊಂಡ್ರಂತೆ. ಕೊನೇವರೆಗೂ.”

“ಒಳ್ಳೇದಾಯ್ತು,” ಅಂದರು ಅಜ್ಜಿ. ಮೈಕಿನಲ್ಲಿ ಆಗ ವೈರಿಯ ಫಿರಂಗಿಗಳು ಗುಡುಗುತ್ತಿದ್ದವು.

ಪರದೆ ಸರಿಯಿತು. ದಪ್ಪ ಮೀಸೆಯ ಸೈನಿಕ ಬಂದೂಕು ಹಿಡಿದು ರೈಲ್ವೆ ಸ್ಟೇಷನ್ನಿನ ಕಡೆ ನೋಡುತ್ತ ನಿಂತಿದ್ದ. ಚಪ್ಪಾಳೆ ಮುಗಿದು ಎಲ್ಲರೂ ಒಂದು ಕ್ಷಣ ಸುಮ್ಮನಾದಾಗ ಅಜ್ಜಿ ಸಹಜವಾಗಿ, ಆದರೆ ಎಲ್ಲರಿಗೂ ಕೇಳುವ ಹಾಗೆ, “ಎತ್ತೆಲ್ಲಿ?” ಅಂದರು.

ಅಧಿಕಾರಿಗಳು ಯಜಮಾನರ ಮುಖ ನೋಡಿದರು. ಯಜಮಾನರು ವೇದಿಕೆಯಿಂದ ಅರ್ಧ ಬಗ್ಗಿ, “ಎರಡನೇ ಹಂತದಲ್ಲಿ ಅಜ್ಜಿ,” ಅಂದರು. ಎರಡನೇ ಹಂತ ಇದೆ ಎನ್ನುವುದು ಕಾರ್ಯದರ್ಶಿಯಾದ ನನಗೂ ಆಗಲೇ ತಿಳಿದದ್ದು. ಆಮೇಲೆ ಎರಡು ಕುಟುಂಬಗಳಿಗೂ ಶಾಲು ಹೊದಿಸಿದರು. ಉಳಿದ ಒಂದನ್ನು ನನಗೂ ಹೊದಿಸಿದರು.

ಕಾರ್ಯಕ್ರಮ ಮುಗಿದ ಮೇಲೆ ಹೋಟೆಲಿನವರು ಅಜ್ಜಿಯನ್ನು ಊಟಕ್ಕೆ ತರೀಕೆರೆಗೆ ಕರೆದರು. ಮಗ ಬೇಡ ಅಂದರೂ ಅಜ್ಜಿ ಆಗಲೇ ಕಾರಿನ ಬಾಗಿಲು ಹಿಡಿದಿದ್ದರು. “ನೀನೂ ಬಾ ಮಿಲ್ಟ್ರಿಯಪ್ಪ,” ಅಂದರು. ಮೆಂಬರರು ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ತನಗೆ ಈ ವಯಸ್ಸಿನಲ್ಲಿ ಹೊಸದಾಗಿ ಒಬ್ಬ ಸೋದರಮಾವ ಸಿಕ್ಕಿದ್ದಾನೆ ಎನ್ನುವುದು ಅವರಿಗೆ ಇನ್ನೂ ಇಳಿದಿರಲಿಲ್ಲ.

ಹೋಟೆಲಿಗೆ ಈಗ ಟೈಲ್ಸ್ ಹಾಕಿದ್ದಾರೆ, ಬಿಲ್ಲಿನ ಮಿಷನ್ನು ಇಟ್ಟಿದ್ದಾರೆ. ಅಜ್ಜಿ ಒಳಗೆ ಬಂದು ಸುತ್ತ ನೋಡಿ, ಗೋಡೆಯ ಪಕ್ಕದ ಒಂದು ಮೇಜನ್ನು ಆರಿಸಿಕೊಂಡು ಕೂತರು. ಹೋಟೆಲಿನವರು ಮಾಣಿಯನ್ನು ತಡೆದು ತಾವೇ ಎಲೆ ಹಾಕಿ ಬಡಿಸಿದರು. ಅಜ್ಜಿ ನಿಧಾನವಾಗಿ, ಪೂರ್ತಿ ಊಟ ಮಾಡಿದರು. ಸಾರಿಗೆ ಹುಳಿ ಜಾಸ್ತಿಯಾಗಿದೆ ಎಂದೂ ಹೇಳಿದರು. ಆಮೇಲೆ ಹಿತ್ತಲು ನೋಡಬೇಕು ಅಂದರು. ಅಲ್ಲಿ ಗ್ಯಾಸ್ ಸಿಲಿಂಡರುಗಳೂ ಒಂದು ಹಳೆಯ ಕಲ್ಲಿನ ಗೋದಲಿಯೂ ಇದ್ದವು.

“ತಾತ ಕೊನೇವರೆಗೂ ಇಲ್ಲಿ ಒಂದು ಜೊತೆ ಎತ್ತು ಕಟ್ಟಿದ್ರಂತೆ ಅಕ್ಕಾ,” ಅಂದರು ಹೋಟೆಲಿನವರು. “ಒಳ್ಳೇ ಜಾತಿಯವು. ಗಾಡಿಗೆ ಹೂಡ್ತಾನೇ ಇರ್ಲಿಲ್ವಂತೆ. ಮೈ ತೊಳೆಯೋದು, ಹುಲ್ಲು ಹಾಕೋದು, ಸುಮ್ನೆ ನೋಡ್ತಾ ಕೂರೋದು. ಒಂದು ಜೊತೆಗೆ ವಯಸ್ಸಾದ್ರೆ ಇನ್ನೊಂದು ತರೋರು.”

ಅಜ್ಜಿ ಗೋದಲಿಯ ಅಂಚಿನ ಮೇಲೆ ಕೈ ಇಟ್ಟುಕೊಂಡು ನಿಂತರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಆ ದಿನ ಮೊದಲ ಸಲ ನೋಡಿದೆ.

“ಅವನ್ನೇ ಯಗಟಿಗೆ ಹೊಡ್ಕೊಂಡ್ ಬಂದಿದ್ರೆ ಆಗೋದಲ್ಲಪ್ಪಾ,” ಅಂದರು. “ಅವೇನಾ ಇವು ಅಂತ ನಮ್ಮಜ್ಜಿ ಕೇಳ್ತಿರ್ಲಿಲ್ಲ.”

ಮೆಂಬರರು ಹೋಗಿ ತಾಯಿಯ ಕೈ ಹಿಡಿದು, “ನಡಿಯವ್ವ, ಬಿಸಿಲು,” ಅಂದರು.

ಆಮೇಲಿನ ಚುನಾವಣೆಯಲ್ಲಿ ಮೆಂಬರರು ಗೆದ್ದರು. ಹುತಾತ್ಮರು ತರೀಕೆರೆಯಲ್ಲಿ ಇನ್ನೊಂದು ಸಂಸಾರ ನಡೆಸಿದ್ದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಅದರಿಂದ ಓಟು ಕಡಿಮೆಯಾಗಲಿಲ್ಲ, ಒಂದಿಷ್ಟು ಹೆಚ್ಚೇ ಬಂದವು ಎಂದು ಅವರೇ ನನಗೆ ಹೇಳಿದರು. ಯಜಮಾನರು ಸಮಿತಿಯನ್ನು ವಿಸರ್ಜಿಸಿಲ್ಲ. ಎರಡನೇ ಹಂತದ ಬಗ್ಗೆ ಕೇಳಿದರೆ, ಆಗ್ತದೆ ತಡೀರಿ, ಅನ್ನುತ್ತಾರೆ.

ಹೋದ ವರ್ಷ ಮೆಂಬರರ ಮೊಮ್ಮಗುವಿನ ನಾಮಕರಣಕ್ಕೆ ನನಗೂ ಕರೆ ಬಂದಿತ್ತು. ಹೋಟೆಲಿನವರು ಬೆಳಿಗ್ಗೆಯೇ ತಮ್ಮ ಅಡುಗೆಯವರನ್ನು ಕರೆದುಕೊಂಡು ಬಂದು ಹಿತ್ತಲಿನಲ್ಲಿ ಒಲೆ ಹೂಡಿಸಿದ್ದರು. ಮೆಂಬರರು ಎಲ್ಲರೆದುರು ಅವರನ್ನು “ಮಾವ” ಎಂದೇ ಕೂಗುತ್ತಿದ್ದರು. ಯಗಟಿಯ ಹೆಂಗಸೊಬ್ಬರು ಅಜ್ಜಿಯ ಪಕ್ಕದಲ್ಲಿ ಕೂತು, ಬಡಿಸುತ್ತಿದ್ದ ಆ ಮನುಷ್ಯನನ್ನು ನೋಡಿ, ಇವರು ಯಾರ ಕಡೆಯೋರು ಎಂದು ಕೇಳಿದರು.

“ನಮ್ ತಾತನ ಮೊಮ್ಮಗ,” ಅಂದರು ಅಜ್ಜಿ.

ಆ ಹೆಂಗಸು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಅಂಗಾರೆ ನಿನಗೆ ತಮ್ಮ ಆಗ್ಬೇಕಲ್ಲ?”

“ಊಂ, ತಮ್ಮನೇ,” ಅಂದರು ಅಜ್ಜಿ. “ತರೀಕೆರೆಯಾಗಿರೋದು. ಬರೋದು ವಸಿ ತಡ ಆಯ್ತು.”